ಕಡ್ಡಿಮಕ್ಕಳಿಗೆ ಮಾತ್ರ ಪ್ರವೇಶ

ಸಣಬಿನಕೆರೆ,
ಫೆಬ್ರವರಿ ಮೂವತ್ತೊಂದು, ಎರಡು ಸಾವಿರದ ನೂರ ತೊಂಬತ್ತೊಂದನೇ ಇಸವಿ

ಸಣಬಿನಕೆರೆ ಪ್ರೌಢಶಾಲೆಯ ಒಂಬತ್ತನೇ ತರಗತಿಯ ಬೃಂದಾ, ಮುಬೀನಾ ಮತ್ತು ತಿಪ್ಪೇಶ ಅವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಬಹುಕಾಲದಿಂದ ಆಗುತ್ತಿದ್ದ ಅನ್ಯಾಯವನ್ನು ನಮ್ಮ ಕಾಲದಲ್ಲಿ ಸರಿಪಡಿಸಿ, ಉಳಿದ ತಿಂಗಳುಗಳಿಂದ ದಿನಗಳನ್ನು ಕಿತ್ತುಕೊಟ್ಟಿದ್ದೇವೆ. ಮಾರ್ಚ್ ಇನ್ನೂ ಮುಖ ಊದಿಸಿಕೊಂಡಿದೆ. ನನ್ನ ಭಾಷೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಮದುವೆ ಕರೆಯೋಲೆಗಳಿಂದ ಮತ್ತು 'ಇಲ್ಲಿ ಕಸ ಹಾಕಬಾರದು' ಎಂಬ ಗೋಡೆಬರಹಗಳಿಂದ. ಹಾಗಾಗಿ ನನ್ನ ಬರವಣಿಗೆಯಲ್ಲಿ ಆಮಂತ್ರಣವೂ ಗದರಿಕೆಯೂ ಬೆರೆತಿರುತ್ತವೆ. ಇವತ್ತು ಗದರಿಕೆಯೇ ಜಾಸ್ತಿ. ಇನ್ನು, ನೀವು ನನ್ನ ಮುತ್ತಜ್ಜನ ಮುತ್ತಜ್ಜಿಯ ಕಾಲದವರು, ಆದರೆ ಓದುತ್ತಿರುವುದು ಒಂಬತ್ತನೇ ತರಗತಿ. ಪೂಜ್ಯರೇ ಎನ್ನಬೇಕೋ ಮಕ್ಕಳೇ ಎನ್ನಬೇಕೋ ತಿಳಿಯದೆ, ಎರಡನ್ನೂ ಸೇರಿಸಿ ಪೂಜ್ಯ ಮಕ್ಕಳೇ ಎನ್ನುತ್ತೇನೆ.

ಈ ಕಾಗದ ಹಿಮ್ಮುಖ ಅಂಚೆಯಲ್ಲಿ ಬರುತ್ತಿದೆ. ಹಾಕಿದ ದಿನಕ್ಕಿಂತ ಮೊದಲೇ ತಲುಪುವ ಅಂಚೆ ಇದು, ಅದರಲ್ಲೂ ತಡವಾಗುತ್ತದೆ ಎಂಬುದು ಬೇರೆ ಮಾತು. ನನ್ನ ಗುರಿ ತಪ್ಪದಿದ್ದರೆ ನಾಳೆ ಬೆಳಿಗ್ಗೆ ನಿಮಗೆ ಸನ್ಮಾನ. ನೀವು ಥರ್ಮಾಕೋಲಿನಲ್ಲಿ ಮಾಡಿದ 'ನಮ್ಮ ಕನಸಿನ ಗ್ರಂಥಾಲಯ' ಎಂಬ ಮಾಡೆಲ್ಲಿಗೆ ಜಿಲ್ಲೆಗೇ ಮೊದಲ ಬಹುಮಾನ ಬಂದಿದೆ. ಮಾನ್ಯ ಅತಿಥಿಗಳು ಬಂದು, ಶಾಲು ಹೊದಿಸಿ, ಆ ಮಾಡೆಲ್ಲನ್ನು ಊರಿನ ಗ್ರಂಥಾಲಯದ ಓದುವ ಮೇಜಿನ ಮೇಲೆ ತಮ್ಮ ಅಮೃತಹಸ್ತದಿಂದ ಇಡಲಿದ್ದಾರೆ. ಇಡಲು ಬಿಡಬೇಡಿ. ಯಾಕೆ ಎಂಬುದನ್ನು ಕೋಪ ಹತೋಟಿಯಲ್ಲಿರುವಷ್ಟು ಹೊತ್ತು ಕ್ರಮವಾಗಿ ಹೇಳುತ್ತೇನೆ.

ಮೊದಲು ನಮ್ಮ ಕಾಲದ ಸಮಾಚಾರ. ನಮ್ಮ ಬಸ್ಸುಗಳಿಗೆ ಚಕ್ರಗಳಿಲ್ಲ, ನೆಲದಿಂದ ಗೇಣುದ್ದ ಮೇಲೆ ತೇಲುತ್ತವೆ. ಕಂಡಕ್ಟರು ಮಾತ್ರ ಈಗಲೂ "ಒಳಗೆ ನಡೀರಿ, ಒಳಗೆ ಖಾಲಿ ಐತೆ" ಎಂದೇ ಕೂಗುತ್ತಾನೆ, ಒಳಗೆ ಈಗಲೂ ಖಾಲಿ ಇರುವುದಿಲ್ಲ. ನಿಮ್ಮ ಅಜ್ಜಿಯರ ಹೆಸರುಗಳು ಮತ್ತೆ ಫ್ಯಾಷನ್ನಿಗೆ ಬಂದಿವೆ, ನನ್ನ ಮೊಮ್ಮಗಳ ಹೆಸರು ಕರಿಯಮ್ಮ. ನಾಲ್ಕನೇ ತರಗತಿ. ಶಾಲೆಗೆ ಹೋಗುವ ಕಷ್ಟ ಅವಳಿಗಿಲ್ಲ. ಗಾಳಿಪಾಠ ಎಂಬುದೊಂದಿದೆ: ಕಿವಿಯ ಹಿಂದೆ ಅಕ್ಕಿಕಾಳಿನಷ್ಟು ಗುಂಡಿ ಅಂಟಿಸಿದರೆ ಸಾಕು, ಪಾಠ ತಾನಾಗಿಯೇ ಪಿಸುಗುಟ್ಟುತ್ತದೆ. ಬಹಳ ಸಭ್ಯವಾದ ಯಂತ್ರ, ಮಗುವಿಗೆ ಎಷ್ಟು ಬೇಕೋ ಅಷ್ಟೇ ಹೇಳುತ್ತದೆ. ಮೊನ್ನೆ ಕರಿಯಮ್ಮ ತಿಮಿಂಗಿಲ ಹೇಗೆ ನಿದ್ದೆ ಮಾಡುತ್ತದೆ ಎಂದು ಕೇಳಿದಳು. "ತಿಮಿಂಗಿಲ ಏಳನೇ ತರಗತಿಯಲ್ಲಿ ಬರುತ್ತದೆ, ದಯವಿಟ್ಟು ಕಾಯಿರಿ" ಎಂದಿತು. ಒಂಬತ್ತು ವರ್ಷದ ಹುಡುಗಿ ತಿಮಿಂಗಿಲಕ್ಕಾಗಿ ಮೂರು ವರ್ಷ ಕಾಯಬೇಕಂತೆ!

ಅದಕ್ಕೇ ಅವಳನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋದೆ. ಬಾಗಿಲಲ್ಲಿ ಮಾದರಿಪಾಲಕರು ಕೂತಿದ್ದರು. ನಿಮ್ಮ ಕಾಲದಲ್ಲಿ ಆ ಕುರ್ಚಿಯಲ್ಲಿ ಗ್ರಂಥಪಾಲಕರು ಎಂಬುವವರು ಇರುತ್ತಿದ್ದರು, ಈಗ ಅವರ ಕೆಲಸ ನಿಮ್ಮ ಮಾಡೆಲ್ಲನ್ನು ಕಾಯುವುದು.

"ಏನ್ ಬೇಕಮ್ಮ?" ಎಂದರು.

"ಪುಸ್ತಕ" ಎಂದಳು ಕರಿಯಮ್ಮ.

"ಪುಸ್ತಕನಾ? ಇದು ಲೈಬ್ರರಿ ಕಣಮ್ಮ! ಇಲ್ಲಿ ಬಂದು ಪುಸ್ತಕ ಗಿಸ್ತಕ ಅಂತೀಯಲ್ಲ. ಆಚೆ ಕಿಟಕಿ ಐತೆ, ನಿಂತ್ಕೊಂಡು ಮಾಡೆಲ್ ನೋಡು. ಉಸಿರು ಜೋರಾಗಿ ಬಿಡಬ್ಯಾಡ."

ನೋಡಿದಳು. ಉದ್ದನೆಯ ಮೇಜಿನ ತುಂಬ ನಿಮ್ಮ ಬಿಳೀ ಗ್ರಂಥಾಲಯ. ಅದರೊಳಗೆ ಬೆಂಕಿಕಡ್ಡಿಯ ಮಕ್ಕಳು ಸಾಲಾಗಿ ಕೂತು, ಮುಬೀನಾ ಚಾಕಲೇಟು ಕಾಗದದಲ್ಲಿ ಕತ್ತರಿಸಿದ ಉಗುರಗಲದ ಪುಸ್ತಕಗಳನ್ನು ಓದುತ್ತಿವೆ. ಕೆಲಸ ಅಚ್ಚುಕಟ್ಟಾಗಿದೆ, ಇಲ್ಲವೆನ್ನುವುದಿಲ್ಲ. ಆ ಮಾಡೆಲ್ಲಿನ ಹಿಂದಿರುವ ನಿಜವಾದ ಕಪಾಟಿನಲ್ಲಿ ದಪ್ಪನೆಯ ನೀಲಿ ಪುಸ್ತಕವೊಂದರ ಬೆನ್ನು ಕಾಣುತ್ತದೆ. 'ತಿಮಿಂಗಿಲಗಳು' ಎಂದು ಬರೆದಿದೆ.

"ಒಳಗೆ ಅವೆಲ್ಲ ಕೂತ್ಕೊಂಡು ಓದ್ತಾವಲ್ಲ, ಅವಕ್ಕೆ ಯಾರು ಪರ್ಮಿಷನ್ ಕೊಟ್ರು?" ಎಂದು ಕರಿಯಮ್ಮ ಕೇಳಿದಳು.

"ಅವು ಗಲಾಟೆ ಮಾಡಲ್ಲ" ಎಂದರು ಮಾದರಿಪಾಲಕರು.

ಪೂಜ್ಯ ಮಕ್ಕಳೇ, ಇದಾದದ್ದು ಹೇಗೆಂದು ಕೇಳಿ. ನಾಳೆ ಮಾಡೆಲ್ ಇಡುತ್ತಾರಲ್ಲ, ಊರಿನ ಗ್ರಂಥಾಲಯದಲ್ಲಿರುವುದು ಅದೊಂದೇ ಮೇಜು. ನಾಳಿದ್ದು ನೋಡಲು ಮಕ್ಕಳು ಮುಗಿಬೀಳುತ್ತವೆ. ಯಾರದೋ ಮೊಣಕೈ ತಗುಲಿ ಒಂದು ಕಡ್ಡಿಮಗುವಿನ ಕಾಲು ಮುರಿಯುತ್ತದೆ. ಗ್ರಂಥಾಲಯದ ಕಮಿಟಿ ತುರ್ತುಸಭೆ ಸೇರಿ, ಮಾಡೆಲ್ಲಿನ ಹಿತದೃಷ್ಟಿಯಿಂದ ಮಕ್ಕಳ ಪ್ರವೇಶವನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತದೆ. ಆ ತಾತ್ಕಾಲಿಕ ಇವತ್ತಿಗೂ ಮುಗಿದಿಲ್ಲ. ಮಾಡೆಲ್ಲನ್ನು ಪಕ್ಕಕ್ಕಿಡೋಣವೆಂದರೆ, ಅದರ ಬುಡದಲ್ಲಿ ಅತಿಥಿಗಳ ಹೆಸರಿನ ಫಲಕವಿದೆ, ಅಲುಗಿಸಿದರೆ ಅವರಿಗೆ ಅವಮಾನ. ತಾನಾಗಿಯೇ ಹಾಳಾಗಲಿ ಎಂದು ಕಾಯೋಣವೆಂದರೆ, ನಿಮ್ಮ ಕಾಲದ ವಸ್ತುಗಳಲ್ಲಿ ಎಂದೂ ಹಾಳಾಗದವು ಎರಡೇ: ಒಂದು ಥರ್ಮಾಕೋಲು, ಇನ್ನೊಂದು ಕಮಿಟಿ.

ಆಮೇಲೆ ಬಂದ ವಿದ್ಯಾರ್ಥಿಗಳಾದರೂ ಏನಾದರೂ ಮಾಡಲಿಲ್ಲವೇ ಎನ್ನುತ್ತೀರಿ. ಮಾಡಿದರು, ಅದೇ ಸಂಕಟ! ಪ್ರತಿವರ್ಷ ಒಂಬತ್ತನೇ ತರಗತಿಗೆ ಗ್ರಂಥಾಲಯ ಸುಧಾರಣೆಯ ಪ್ರಾಜೆಕ್ಟು. ಒಂದು ತಂಡ ಮಾಡೆಲ್ಲಿಗೆ ಗಾಜಿನ ಪೆಟ್ಟಿಗೆ ಮಾಡಿತು. ಮುಂದಿನ ತಂಡ ಗಾಜಿನ ಪೆಟ್ಟಿಗೆಗೆ ದೀಪ ಹಾಕಿತು. ದೀಪಕ್ಕೆ ಹುಳು ಬಂದವೆಂದು ಅದರ ಮುಂದಿನವರು ಕಿಟಕಿಗೆ ಜಾಲರಿ ಹೊಡೆದರು. ಎಲ್ಲರಿಗೂ ಬಹುಮಾನ, ಎಲ್ಲರಿಗೂ ಶಾಲು. ಈ ವರ್ಷದ ತಂಡ ಎಲ್ಲರನ್ನೂ ಮೀರಿಸಿದೆ: ಇಡೀ ಕೋಣೆಗೇ ಗಾಜಿನ ಗೋಡೆ ಕಟ್ಟಿ, ಬಾಗಿಲನ್ನು ಶಾಶ್ವತವಾಗಿ ಮುಚ್ಚಿ, ಒಳಗಿನ ಗಾಳಿಯನ್ನೂ ಹೀರಿ ತೆಗೆಯುವ ಯೋಜನೆ. ಬರುವ ಸೋಮವಾರ ಕೆಲಸ ಶುರು. ಅಲ್ಲಿಗೆ ಕರಿಯಮ್ಮನ ತಿಮಿಂಗಿಲಕ್ಕೆ ಸಮಾಧಿ.

ನನ್ನ ಸಿಟ್ಟು ನೀವು ಮಾಡೆಲ್ ಮಾಡಿದ್ದಕ್ಕಲ್ಲ. ನಿಜವಾದ ಕೆಲಸವನ್ನು ನೀವು ಅದಕ್ಕೂ ಮೊದಲೇ ಮಾಡಿದ್ದಿರಿ. ಗ್ರಂಥಾಲಯದ ಜಗಲಿಯ ಮೇಲೆ ಶನಿವಾರ ಮಧ್ಯಾಹ್ನ ಸಂತೆಗೆ ಬಂದವರ ಮಕ್ಕಳನ್ನು ಕೂರಿಸಿಕೊಂಡು ತಿಪ್ಪೇಶ ಕತೆ ಓದುತ್ತಿದ್ದನಂತೆ. ನರಿಗೊಂದು ದನಿ, ಮೊಸಳೆಗೊಂದು ದನಿ. ಸೊಪ್ಪು ಮಾರುವ ಹೆಂಗಸರು ಕೊತ್ತಂಬರಿ ಕಟ್ಟುವುದನ್ನು ಬಿಟ್ಟು ಮೊಸಳೆಗೆ ಕಿವಿಗೊಡುತ್ತಿದ್ದರಂತೆ. ಬೃಂದಾ ಲೆಕ್ಕ ಬಾರದವರಿಗೆ ಲೆಕ್ಕ ಹೇಳಿಕೊಡುತ್ತಿದ್ದಳಂತೆ, ಮುಬೀನಾ ಮಕ್ಕಳನ್ನು ಕಪಾಟಿನ ಹತ್ತಿರ ಬಿಟ್ಟು "ಯಾವುದು ಬೇಕೋ ನೀನೇ ತಗೋ" ಎನ್ನುತ್ತಿದ್ದಳಂತೆ. ಎಂಥ ಮಾತು! ನಮ್ಮ ಗಾಳಿಪಾಠಕ್ಕೆ ಬಾರದ ಮಾತು ಅದೊಂದೇ. ಸನ್ಮಾನ ಮುಗಿದ ಮೇಲೆ ನಿಮ್ಮ ಮೇಷ್ಟ್ರು "ಪ್ರಾಜೆಕ್ಟ್ ಮುಗೀತಲ್ಲ, ಇನ್ನು ಪರೀಕ್ಷೆಗೆ ಓದ್ಕೊಳ್ರಪ್ಪ" ಎನ್ನುತ್ತಾರೆ. ನೀವು ತಲೆಯಾಡಿಸುತ್ತೀರಿ. ಮುಗಿಯಿತಂತೆ! ಕತೆ ಕೇಳಲು ಬಂದ ಮಕ್ಕಳು ಮುಂದಿನ ಶನಿವಾರ ಬಂದು, ಖಾಲಿ ಜಗಲಿ ನೋಡಿ, ಸ್ವಲ್ಪ ಹೊತ್ತು ಕೂತು, ಎದ್ದು ಹೋದವಲ್ಲ, ಅವಕ್ಕೆ ಯಾರೂ ಹೇಳಿರಲಿಲ್ಲ ಮುಗಿಯಿತೆಂದು.

ಆದ್ದರಿಂದ ನನ್ನ ಸವಿನಯ ಗದರಿಕೆ ಹೀಗಿದೆ. ಮಾಡೆಲ್ಲನ್ನು ಒಡೆಯಬೇಡಿ, ಅತಿಥಿಗಳಿಗೂ ಅಗೌರವ ತೋರಬೇಡಿ. ಶಾಲು ಹೊದ್ದುಕೊಳ್ಳಿ, ಫೋಟೋಗೆ ನಗಿ. ನಾಳೆ ಅವರು ಬರುವ ಮೊದಲೇ ಆ ಮೇಜಿನ ಸುತ್ತ ಸಂತೆಬೀದಿಯ ಮಕ್ಕಳನ್ನೆಲ್ಲ ತಂದು ಕೂರಿಸಿ, ಎಲ್ಲರ ಮುಂದೆಯೂ ಒಂದೊಂದು ಪುಸ್ತಕ ತೆರೆದಿಡಿ. ಮಾಡೆಲ್ ಹೊತ್ತು ತಂದವರಿಗೆ ಇಷ್ಟೇ ಹೇಳಿ: "ಮೇಜಿನ ಮೇಲೆ ಜಾಗ ಇಲ್ಲ ಸಾರ್, ಮಕ್ಕಳು ಓದ್ತಾ ಇದಾರೆ." ಮಾಡೆಲ್ಲನ್ನು ಕಪಾಟಿನ ನೆತ್ತಿಯ ಮೇಲಿಡಲಿ, ಧೂಳು ತಿನ್ನಲಿ. ಶನಿವಾರ ಬಂದಾಗ ತಿಪ್ಪೇಶ ಮತ್ತೆ ಮೊಸಳೆಯಾಗಲಿ. ನೀವು ಹತ್ತನೇ ತರಗತಿಗೆ ಹೋದಾಗ ಎಂಟರವರಿಗೆ ಆ ಮೊಸಳೆಯ ದನಿ ಕಲಿಸಿಹೋಗಿ.

ಇದನ್ನು ಬರೆಯುತ್ತಿರುವಾಗ ಕರಿಯಮ್ಮ ಮನೆಯಲ್ಲಿಲ್ಲ. ಆ ಕಿಟಕಿಯ ಹತ್ತಿರ ನಿಂತು, ಜೋರಾಗಿ ಉಸಿರಾಡದೆ, ನೀಲಿ ಬೆನ್ನು ನೋಡುತ್ತಿರುತ್ತಾಳೆ. ನೀವು ನನ್ನ ಮಾತು ಕೇಳಿದಿರೋ ಇಲ್ಲವೋ ತಿಳಿಯಲು ನನಗೊಂದು ದಾರಿಯಿದೆ. ನಿಮ್ಮ ಕಾಲದಲ್ಲಿ ಪುಸ್ತಕ ಹಿಂದಿರುಗಿಸದವರ ಮನೆಗೆ ಗ್ರಂಥಾಲಯದವರು ನೋಟಿಸು ಕಳಿಸುತ್ತಿದ್ದರಂತೆ. ಪುಸ್ತಕವೇ ಕೈಗೆ ಸಿಗದ ನಮ್ಮ ಊರಿನಲ್ಲಿ ಅಂಥ ನೋಟಿಸನ್ನು ಜೀವಂತ ಇರುವವರು ಯಾರೂ ಕಂಡಿಲ್ಲ. ಈ ಕಾಗದವನ್ನು ಡಬ್ಬಕ್ಕೆ ಹಾಕಿ ಬಂದು, ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಕರಿಯಮ್ಮ ತಿಮಿಂಗಿಲದ ಪುಸ್ತಕವನ್ನು ಇನ್ನೂ ವಾಪಸು ಕೊಟ್ಟಿಲ್ಲವೆಂದು ಯಾರಾದರೂ ಬಂದು ನನ್ನ ಮೇಲೆ ರೇಗಲಿ.

ಕಾಯುತ್ತಿರುವ,
ಬೋರಲಿಂಗ, ಕರಿಯಮ್ಮನ ತಾತ