ಹೊಲಿಗೆ ಮಷೀನಿನ ಬಗ್ಗೆ ಡಾಕ್ಟರ್ ಹೇಳಿದ್ದು

ಅಮ್ಮ,

ನೀನು ಹೋಗಿ ಆರು ವರ್ಷವಾಯಿತು. ಆದರೂ ಇವತ್ತಿನ ಸುದ್ದಿಯನ್ನು ನಿನಗೇ ಹೇಳಬೇಕು. ಎಂಟನೇ ತಿಂಗಳ ಸ್ಕ್ಯಾನಿಂಗ್ ಆಯಿತು. ಮಗು ಇರಬೇಕಾದ್ದಕ್ಕಿಂತ ತೀರಾ ಚಿಕ್ಕದಿದೆ. ಮಾಸಿನಿಂದ, ಅಂದರೆ ಪ್ಲಾಸೆಂಟಾದಿಂದ, ಅದಕ್ಕೆ ಸಾಕಷ್ಟು ರಕ್ತ ಹೋಗುತ್ತಿಲ್ಲ. ಇನ್ನು ವಾರಕ್ಕೆರಡು ಸಲ ತಪಾಸಣೆ. ಎದೆಬಡಿತದಲ್ಲಿ ಏರುಪೇರಾದರೆ ಅಂದೇ ಹೆರಿಗೆ ಮಾಡಿಸುತ್ತಾರಂತೆ.

ಆಸ್ಪತ್ರೆಯ ಗೋಡೆ ತುಂಬ ತಾಯಿ ಏನು ತಿನ್ನಬೇಕು, ಹೇಗೆ ಮಲಗಬೇಕು ಎಂಬ ಅಪ್ಪಣೆಗಳೇ. ಮಾಸಿನ ಬಗ್ಗೆ ಒಂದು ಸಾಲೂ ಇಲ್ಲ. ಆ ಅಪ್ಪಣೆಗಳನ್ನು ಓದಿಯೇ ನನ್ನತ್ತೆಗೆ ನನ್ನನ್ನು ದೂರುವ ಧೈರ್ಯ ಬಂದಿರಬೇಕು.

"ದಿನಾ ಲೈಬ್ರರೀಲಿ ಪುಸ್ತಕದ ಮೂಟೆ ಹೊತ್ರೆ ಇನ್ನೇನಾಗುತ್ತೆ? ಹೊಟ್ಟೇಲಿರೋದೇನು ಕಲ್ಲಾ?"

ಆ ಮಾತು ನನಗೆ ಹೊಸದಲ್ಲ. ನನ್ನ ತಮ್ಮ ಅಂಗೈಯಷ್ಟೇ ಚಿಕ್ಕವನಾಗಿ ಹುಟ್ಟಿ ಹನ್ನೊಂದನೇ ದಿನ ತೀರಿಕೊಂಡಾಗ ಮನೆಯವರೆಲ್ಲ ನಿನ್ನ ಹೊಲಿಗೆ ಮಷೀನನ್ನೇ ದೂರಿದರು. ಯಾರು ಏನಂದರೆಂಬುದು ನನಗೆ ಇಂದಿಗೂ ನೆನಪಿದೆ. ಹದಿನೇಳರ ವಯಸ್ಸಿನಲ್ಲಿ, ಯಾವುದೋ ಜಗಳದಲ್ಲಿ, ನಾನೂ ಅದನ್ನೇ ಎತ್ತಿ ಆಡಿದೆ. ನೀನು ದಾರ ಕಡಿದು, ಮಷೀನಿಗೆ ಮುಚ್ಚಳ ಹಾಕಿ ಎದ್ದುಹೋದೆ.

ಇವತ್ತು ಅತ್ತೆಯನ್ನು ಹೊರಗೆ ಕೂರಿಸಿ ಮತ್ತೆ ಡಾಕ್ಟರ ಕೋಣೆಗೆ ಹೋದೆ.

"ಡಾಕ್ಟ್ರೇ, ದಿನವಿಡೀ ಹೊಲಿಗೆ ಮಷೀನ್ ತುಳಿದ್ರೆ ಮಗು ಹೀಗಾಗುತ್ತಾ?"

"ಇಲ್ಲಮ್ಮ, ಅದ್ರಿಂದ ಆಗಲ್ಲ. ನೀವು ಹೊಲೀತೀರಾ?"

"ನಮ್ಮಮ್ಮ ಹೊಲೀತಿದ್ರು. ನನ್ನ ತಮ್ಮನೂ ಹೀಗೇ ಹುಟ್ಟಿದ್ದ."

ಅವರು ಪೆನ್ನು ಕೆಳಗಿಟ್ಟರು. "ಅವರ ತಪ್ಪಲ್ಲ ಅಂತ ಅವರಿಗೂ ಹೇಳಿಬಿಡಿ."

ಹೇಳುತ್ತೇನೆಂದು ಒಪ್ಪಿಕೊಂಡು ಬಂದೆ.