ಭುಜ ಹಿಡಿದು ತೋರಿಸಿದ ಬಕ

ಅಪ್ಪಾ,

ಇವತ್ತು ಹೊಸಬರಿಗೆಂದು ನಡೆಸುವ ಹಕ್ಕಿ ನೋಡುವ ನಡಿಗೆಗೆ ಹೋಗಿದ್ದೆ, ನೀವು ನಿಮ್ಮ ಭಾನುವಾರಗಳನ್ನೆಲ್ಲ ಧಾರೆಯೆರೆದ ಅದೇ ಜೌಗು ನೆಲಕ್ಕೆ. ನೀವು ತೀರಿಹೋದ ಮೇಲೆ ನಿಮ್ಮ ಶಿಷ್ಯೆಯೇ ಅದನ್ನು ನಡೆಸುತ್ತಿದ್ದಾಳೆ. ನಾನು ಯಾರೆಂದು ಹೇಳಲಿಲ್ಲ.

"ಬೆರಳು ತೋರಿಸಿದ್ರೆ ಹಕ್ಕಿ ಹಾರಿಹೋಗತ್ತೆ. ಅದಕ್ಕೇ ನಮ್ಮ ಸರ್ ಭುಜ ಹಿಡ್ಕೊಂಡು ಮೆಲ್ಲಗೆ ತಿರುಗಿಸ್ತಿದ್ರು. ಅವ್ರ ಮಗಳು ಎಂಥಾ ಪುಣ್ಯ ಮಾಡಿದ್ಲೋ!" ಎಂದಳು.

ನನ್ನ ಹೊಟ್ಟೆ ಉರಿದುಹೋಯಿತು. ಮನೆಯಲ್ಲಿ ನೀವು ಪೇಪರಿನಿಂದ ತಲೆಯೆತ್ತದೆಯೇ "ಹ್ಞೂಂ" ಎನ್ನುತ್ತಿದ್ದವರು.

ಆಮೇಲೆ ಅವಳು ನನ್ನ ಹಿಂದೆ ನಿಂತು, ಎರಡೂ ಭುಜ ಹಿಡಿದು, ನನ್ನನ್ನು ಜೊಂಡಿನ ಕಡೆಗೆ ತಿರುಗಿಸಿದಳು. ಅಲ್ಲೊಂದು ಬೂದು ಬಕ ಒಂಟಿಕಾಲಲ್ಲಿ ನಿಂತಿತ್ತು.

"ಕಾಣಿಸ್ತಾ?"

ಚೆನ್ನಾಗಿಯೇ ಕಾಣಿಸುತ್ತಿತ್ತು.

"ಇಲ್ಲ, ಇನ್ನೊಂದ್ಸಲ ತೋರಿಸಿ," ಎಂದೆ.