ಬಂದೆ ಎಂದ ಮಧ್ಯಾಹ್ನ

ಡಿಸೆಂಬರ್ 2, ಮಂಗಳವಾರ

ಹವಾಮಾನದ ಆ್ಯಪ್ ಹೇಳಿದ್ದು 29 ಡಿಗ್ರಿ. ಆಗಿದ್ದು 36. ಬೆಳಿಗ್ಗೆ ಜಾಕೆಟ್ ಹಾಕಿಕೊಂಡು ಗಿಡಕ್ಕೆ ನೀರು ಬಿಟ್ಟೆ, ಹನ್ನೊಂದಕ್ಕೆ ಬನಿಯನ್ನಿನಲ್ಲಿ ನಿಂತಿದ್ದೆ. ಅಡಿಲೇಡ್‌ಗೆ ಬಂದು, ಈ ಬ್ಲೇರ್ ಅಥಾಲ್ ಮನೆ ಹಿಡಿದು ಇಪ್ಪತ್ತೆರಡು ಬೇಸಿಗೆ ಆಯಿತು. ಇಲ್ಲಿಯ ಆಕಾಶದ ಬುದ್ಧಿ ಇನ್ನೂ ಅರ್ಥವಾಗಿಲ್ಲ. ಹೀರೆ ಬಳ್ಳಿ ಎಲೆ ಮುದುಡಿದೆ. ಬದನೆ ಪರವಾಗಿಲ್ಲ. ಟೊಮೇಟೊ ಬಗ್ಗೆ ಬರೆಯದಿರುವುದೇ ವಾಸಿ.

ಗೀತಾ ಇದ್ದಾಗ ತೋಟ ಅವಳದು. ನಾನು ಪೈಪ್ ಹಿಡಿಯುವವನು, ಅದೂ ಬೈಸಿಕೊಂಡು. ಅವಳು ಹೋಗಿ ಮುಂದಿನ ತಿಂಗಳಿಗೆ ವರ್ಷ. ಈಗ ಎಲ್ಲ ನನ್ನ ತಲೆಗೆ.

ಎರಡು ಗಂಟೆಗೆ ಮತ್ತೆ ಕೇಳಿಸಿತು. "ರೀ..." ಬಿಸಿಲಿಗೆ ಕಟ್ಟಿರುವ ಶೇಡ್ ಕ್ಲಾತ್ ಗಾಳಿಗೆ ಪಟಪಟ ಬಡಿಯುತ್ತದೆ, ಅಷ್ಟೇ. ಗೊತ್ತು. ಆದರೂ ಕಾಫಿ ಲೋಟ ಕೆಳಗಿಟ್ಟು ಹಿತ್ತಿಲಿಗೆ ಹೋದೆ.

ಡಿಸೆಂಬರ್ 5, ಶುಕ್ರವಾರ

ಪರ್ತ್‌ನಿಂದ ಸದಾಶಿವನ ಫೋನ್. ಇಂಜಿನಿಯರಿಂಗ್ ಕಾಲದ ಗೆಳೆಯ, ಅವನಿಗೂ ತೋಟದ ಹುಚ್ಚು. ಅವನಿರುವ ಎಲೆನ್‌ಬ್ರೂಕ್‌ನಲ್ಲಿ ಮೂರು ದಿನದಿಂದ 41 ಅಂತೆ. ಅಲ್ಲಿಯ ಬಿಸಿ ಎರಡು ದಿನ ಬಿಟ್ಟು ನಮ್ಮ ಕಡೆ ಬರುತ್ತದೆ. ಆ್ಯಪ್‌ಗಿಂತ ಇವನನ್ನು ನಂಬುತ್ತೇನೆ.

"ಉದಯ, ಭಾನುವಾರ ನಿಂಗೆ ಕಾದಿದೆ ನೋಡು. ಶೇಡ್ ಬಟ್ಟೆ ಬಿಗಿಯಾಗಿ ಕಟ್ಕೋ. ನನ್ನ ಮೆಣಸಿನ ಗಿಡ ಎಲ್ಲಾ ಹಪ್ಪಳ ಆಗೋಯ್ತು."

"ಕಟ್ತೀನಿ ಮಾರಾಯ."

"ಒಬ್ನೇ ಕಟ್ಟೋಕೆ ಹೋಗ್ಬೇಡ್ವೋ..." ಅಂದವನು ನಾಲಿಗೆ ಕಚ್ಚಿಕೊಂಡ. ಪಾಪ, ಅವನು ಬೇಕೆಂದು ಆಡಿದ ಮಾತಲ್ಲ.

ಡಿಸೆಂಬರ್ 7, ಭಾನುವಾರ, ಮಧ್ಯಾಹ್ನ 3

43. ಸದಾಶಿವ ಗೆದ್ದ.

ಬಟ್ಟೆ ಕಟ್ಟಲು ಇಬ್ಬರು ಬೇಕು. ಒಬ್ಬರು ಸ್ಟೂಲ್ ಹತ್ತಿ ಕೊಕ್ಕೆಗೆ ಸಿಕ್ಕಿಸಬೇಕು, ಇನ್ನೊಬ್ಬರು ಕೆಳಗೆ ಹಗ್ಗ ಎಳೆದು ಹಿಡಿಯಬೇಕು. ಒಬ್ಬನೇ ಕಟ್ಟಿದೆ. ನಲವತ್ತು ನಿಮಿಷ. ಕಣ್ಣು ಕತ್ತಲೆ ಬಂತು. ಬೇಕೆಂದೇ ಮಾಡಿದೆ. ಅವಳಿಗೆ ಹೇಗಾಗಿರಬಹುದು ಎಂದು ತಿಳಿಯಬೇಕಿತ್ತು.

ಬರೆದುಬಿಡುತ್ತೇನೆ. ಯಾರು ಓದುತ್ತಾರೆ.

ಹೋದ ಜನವರಿ 13. ಆ್ಯಪ್ 32 ಅಂದಿತ್ತು. ಮಧ್ಯಾಹ್ನ ಉತ್ತರದ ಗಾಳಿ ತಿರುಗಿ 42. ನಾನು ಆಫೀಸಿನಲ್ಲಿ. 2.10ಕ್ಕೆ ಗೀತಾಳ ವಾಯ್ಸ್ ಮೆಸೇಜ್: "ರೀ, ಬಟ್ಟೆ ಕಿತ್ಕೊಂಡ್ಬಿಟ್ಟಿದೆ. ಒಬ್ಬಳ ಕೈಲಿ ಆಗ್ತಿಲ್ಲ. ಬರ್ತೀರಾ?" ಕಾರಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಮೀಟಿಂಗ್ ಮಧ್ಯೆ ಕಾರಿಡಾರಿಗೆ ಎದ್ದು ಬಂದು ನಾನೂ ಮೆಸೇಜ್ ಕಳಿಸಿದೆ. "ಬಂದೆ ಕಣೇ, ಬಂದೆ." ಮತ್ತೆ ಒಳಗೆ ಹೋಗಿ ಕೂತೆ. ನಾಲ್ಕು ಬದನೆ ಗಿಡಕ್ಕೆ ಇಷ್ಟು ರಂಪವೇ ಅಂದುಕೊಂಡೆ. ಆಫೀಸು ಬಿಟ್ಟಾಗ ನಾಲ್ಕೂವರೆ.

ಆಗಲ್ಲ ಅಂದಿದ್ದರೆ ಬೈದುಕೊಂಡು ಒಳಗೆ ಹೋಗುತ್ತಿದ್ದಳು. ಬಂದೆ ಅಂದದ್ದಕ್ಕೆ ಕಾದಳು. ಬದನೆ ಸಾಲಿನ ಪಕ್ಕ ಬಿದ್ದಿದ್ದಳು. ಹಗ್ಗ ಮಣಿಕಟ್ಟಿಗೆ ಸುತ್ತಿಕೊಂಡಿತ್ತು. ಬಿಸಿಲಿಗೆ ಹೃದಯ ನಿಂತಿದೆ ಎಂದರು. ಬಿಸಿಲಿಗಂತೆ.

ಡಿಸೆಂಬರ್ 14, ಭಾನುವಾರ

ಮಗಳು ಪ್ರಣತಿ ಫೋನ್ ಮಾಡಿದ್ದಳು, ಬ್ರಿಸ್ಬೇನ್‌ನಿಂದ. ಅವಳಿರುವ ಇಂಡೂರೂಪಿಲ್ಲಿಯಲ್ಲಿ ನಿನ್ನೆ ಆಲಿಕಲ್ಲು. ನಿಂಬೆಹಣ್ಣಿನ ಗಾತ್ರ ಅಂತೆ. ರೂಮ್‌ಮೇಟ್ ಪ್ರೇರಣಾ ಮೈಸೂರಿನ ಹುಡುಗಿ, ದೊಡ್ಡಪತ್ರೆ ಕುಂಡ ಎತ್ತಿಕೊಂಡು ಹೋಗಿ ಬಾತ್‌ರೂಮಿನಲ್ಲಿ ಬಚ್ಚಿಟ್ಟಳಂತೆ. ಬಹಳ ದಿನದ ಮೇಲೆ ಮಗಳು ನಕ್ಕಿದ್ದು ಕೇಳಿದೆ.

ಆಮೇಲೆ ಅಂದಳು: "ಅಪ್ಪಾ, ಅಮ್ಮನ ವರ್ಷಾಬ್ದಿಕದ ದಿನ ನಾನು ಎರಡು ಮಾತಾಡ್ಲಾ? ಶಾರ್ಟ್ ಆಗಿ. ಅಮ್ಮ ಅಲೋನ್ ಆಗಿರ್ಲಿಲ್ಲ, ಅಪ್ಪ ಬಂದಿದ್ರು ಅಂತ."

ಗೀತಾಳ ಫೋನ್ ಅವಳ ಹತ್ತಿರವೇ ಇದೆ. ನನ್ನ ಮೆಸೇಜ್ ಕೇಳಿದ್ದಾಳೆ. ಇಲ್ಲೇ ಹುಟ್ಟಿ ಬೆಳೆದವಳು. ಬಂದೆ ಅಂದರೆ ಅವಳಿಗೆ ಬಂದಾಯಿತು. ವ್ಯಾಕರಣ ಅವಳದೇ ಸರಿ. ಬಂದೆ ಅನ್ನುವವನು ಇನ್ನೂ ಕುರ್ಚಿಯಿಂದ ಎದ್ದೇ ಇಲ್ಲ ಎಂಬುದು ನಮ್ಮಂಥವರಿಗೆ ಮಾತ್ರ ಗೊತ್ತು. ಆವತ್ತು ವಿಮಾನ ಇಳಿದು ಬಂದವಳು, ಅದನ್ನು ಕೇಳಿಸಿಕೊಂಡು, ನನ್ನನ್ನು ತಬ್ಬಿಕೊಂಡು ಕೇಳಿದ್ದಳು. "ನೀನು ಬಂದಿದ್ದೆ ಅಲ್ವಾ? ಅಮ್ಮನ ಜೊತೆ ಇದ್ದೆ ಅಲ್ವಾ?"

ಹ್ಞೂಂ ಅಂದೆ. ಅಷ್ಟೇ ಅಂದಿದ್ದು. ಆವತ್ತಿನಿಂದ ನುಂಗಲಾರದ ತುತ್ತಾಗಿದೆ.

ಇವತ್ತು "ಮಾತಾಡು ಪುಟ್ಟಿ" ಅಂದೆ. ಥೂ ನನ್ನ ಜನ್ಮಕ್ಕೆ.

ಡಿಸೆಂಬರ್ 29, ಸೋಮವಾರ

ಎರಡು ವಾರ ಬರೆಯಲಿಲ್ಲ. ಕ್ರಿಸ್‌ಮಸ್ ದಿನ 19, ಜಿಟಿಜಿಟಿ ಮಳೆ, ಸ್ವೆಟರ್. ಮರುದಿನ 38. ಹೀರೆಗೆ ಬೂದಿ ರೋಗ ಹಿಡಿದಿದೆ. ಹಾಲಿಗೆ ನೀರು ಬೆರೆಸಿ ಹೊಡೆದೆ. ಏನು ಪ್ರಯೋಜನವೋ.

ಇವತ್ತು ಗಾಳಿಯೇ ಇರಲಿಲ್ಲ. ಬಟ್ಟೆ ಬಿಚ್ಚಿ ಮಡಿಸಿ ಶೆಡ್‌ನಲ್ಲಿಟ್ಟಿದ್ದೆ. ಎರಡು ಗಂಟೆ ಹತ್ತು ನಿಮಿಷ. "ರೀ..." ಕಿವಿಯ ಪಕ್ಕದಲ್ಲೇ. ಕೋಪವಿರಲಿಲ್ಲ ಆ ದನಿಯಲ್ಲಿ. ಕೋಪ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಬರುತ್ತಾನೆ ಎಂದು ನಂಬಿದವಳ ದನಿ ಅದು. ಸಿಂಕ್ ಹಿಡಿದುಕೊಂಡು ಬಹಳ ಹೊತ್ತು ಅತ್ತೆ.

ತಿಥಿ ಜನವರಿ 3ಕ್ಕೆ ಬಿದ್ದಿದೆ. ಅಷ್ಟರೊಳಗೆ ಪ್ರಣತಿಗೆ ಹೇಳಬೇಕು. ಇಪ್ಪತ್ತು ಜನರ ಎದುರು ಮಗಳ ಬಾಯಲ್ಲಿ ನನ್ನ ಸುಳ್ಳು ಹೇಳಿಸಲಾರೆ. ಹೇಳಿದರೆ ಅವಳನ್ನೂ ಕಳೆದುಕೊಳ್ಳುತ್ತೇನೆ. ಭಯ. ಇನ್ನೇನು ಬರೆಯಲಿ.

ಜನವರಿ 2, ಶುಕ್ರವಾರ, ಸಂಜೆ

ಮಗಳು ಬೆಳಿಗ್ಗೆ ಬಂದಳು. ಬ್ಯಾಗ್ ಇಟ್ಟವಳೇ ಹಿತ್ತಿಲಿಗೆ ಹೋದಳು. ಆ್ಯಪ್ 31, ಹೊರಗೆ ಆಗಲೇ 35. ಬದನೆ ಸಾಲಿನಲ್ಲಿ ಕೂತು ಕಳೆ ಕೀಳತೊಡಗಿದಳು. ಪಕ್ಕದಲ್ಲಿ ಕೂತೆ. ಕೈ ಮಣ್ಣಿನೊಳಗೆ ಇಟ್ಟುಕೊಂಡೆ.

"ಪುಟ್ಟಿ, ಆವತ್ತು ನಾನು ಬರ್ಲಿಲ್ಲ. ಬಂದೆ ಅಂದೆ, ಬರ್ಲಿಲ್ಲ. ಬಂದಾಗ ಎಲ್ಲಾ ಮುಗಿದಿತ್ತು."

ಅವಳ ಕೈ ನಿಲ್ಲಲಿಲ್ಲ. "ಐ ನೋ ಅಪ್ಪಾ."

"ಏನು?"

"ಪ್ರೇರಣಾನೂ ಡೈಲಿ ಹಾಗೇ ಹೇಳ್ತಾಳೆ. ನಾನು ಡೋರ್ ಹತ್ರ ರೆಡಿಯಾಗಿ ನಿಂತಿರ್ತೀನಿ. ಅವಳು ಬೆಡ್ ಮೇಲಿಂದ ಬಂದೆ ಬಂದೆ ಅಂತಾಳೆ. ಹಾಫ್ ಆನ್ ಅವರ್ ಆದ್ರೂ ಬರಲ್ಲ. ಮಾರ್ಚ್‌ನಲ್ಲೇ ಗೊತ್ತಾಯ್ತು ನಂಗೆ."

ಮಾರ್ಚ್‌ನಿಂದ. ಹತ್ತು ತಿಂಗಳು.

"ಮತ್ತೆ ಯಾಕೆ ಕೇಳ್ಲಿಲ್ಲ? ನಾಳೆ ಮಾತಾಡ್ತೀನಿ ಅಂದ್ಯಲ್ಲ?"

ಈಗ ನಿಲ್ಲಿಸಿದಳು. ನನ್ನನ್ನು ನೋಡಲಿಲ್ಲ.

"ಅಮ್ಮ ನಂಗೂ ಕಾಲ್ ಮಾಡಿದ್ಳು. ಇಲ್ಲಿ ಟೈಮ್ ಮೂರು ಗಂಟೆ. ನಾನು ಶಾಪಿಂಗ್ ಸೆಂಟರ್‌ನಲ್ಲಿ ಏಸೀಲಿ ಕೂತು ಬಬಲ್ ಟೀ ಕುಡೀತಿದ್ದೆ. ಕಟ್ ಮಾಡ್ದೆ. ಊಟ ಆಯ್ತಾ ಅಂತ ಕೇಳ್ತಾಳೆ ಅಷ್ಟೇ ಅಂತ... ಅಮ್ಮನ ಫೋನ್ ಅದಕ್ಕೇ ನಾನು ತಗೊಂಡೋಗಿದ್ದು. ನೀನು ಆ ಕಾಲ್ ನೋಡ್ಬಾರ್ದು ಅಂತ."

ಕಿತ್ತ ಕಳೆಯ ಬೇರಿನ ಮಣ್ಣು ಕೊಡವಿದಳು. "ನೀನು ಬಂದಿದ್ರೆ ನಾನು ಕಟ್ ಮಾಡಿದ್ದು ಓಕೆ, ಅಲ್ವಾ ಅಪ್ಪಾ? ಅದಕ್ಕೇ ನೀನು ಬಂದೆ ಅಂತಾನೇ ಇಟ್ಕೊಂಡೆ."

ನಿನ್ನ ತಪ್ಪಲ್ಲ ಅನ್ನಬೇಕಿತ್ತು. ಆ ಕ್ಷಣವೇ ಅನ್ನಬೇಕಿತ್ತು. ಅನ್ನಲಿಲ್ಲ. ಯಾಕೆಂದು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಒಂದು ಗಳಿಗೆ ನನಗೆ ಹಗುರವಾಯಿತು. ನಾನೊಬ್ಬನೇ ಅಲ್ಲ ಅಂತ. ಇಪ್ಪತ್ತು ವರ್ಷದ ಮಗುವಿನ ತಲೆಯ ಮೇಲೆ ಪಾಲು ಹಾಕಿ ಹಗುರವಾದೆ. ಆಗಲೇ ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು.

ಕಂಡಿತು ಅವಳಿಗೆ. ಕಂಡೇ ಕಂಡಿತು. ಎದ್ದು ಕೈ ತೊಳೆದುಕೊಂಡು ಒಳಗೆ ಹೋದಳು.

ಜನವರಿ 3, ಶನಿವಾರ, ಬೆಳಿಗ್ಗೆ 7

ಆ್ಯಪ್ 30. ನಂಬುವುದಿಲ್ಲ. ಪುರೋಹಿತರು ಹತ್ತಕ್ಕೆ ಬರುತ್ತಾರೆ.

ನಿನ್ನೆ ಅವಳು ಊಟಕ್ಕೆ ಬರಲಿಲ್ಲ. ತಟ್ಟೆ ಬಾಗಿಲ ಹೊರಗೆ ಇಟ್ಟಿದ್ದೆ, ಹಾಗೇ ಇದೆ. ಎರಡು ಸಲ ಬಾಗಿಲ ತನಕ ಹೋಗಿ ವಾಪಸ್ ಬಂದೆ. ನನ್ನದು ಯಾವತ್ತೂ ಇದೇ ಆಯಿತು. ತಡವಾಗಿ ಹೋಗುವುದು.

ಬಾಗಿಲು ತೆಗೆದ ಸದ್ದು. ಬ್ಯಾಗಿನ ಚಕ್ರ ನೆಲದ ಮೇಲೆ ಉರುಳುತ್ತಿದೆ. ಇಷ್ಟು ಬೇಗ ಎಲ್ಲಿಗೆ... ಇಲ್ಲ, ಈಗಲೇ ಎದ್ದು ಹೋಗಿ ಅವಳಿಗೆ ನಿನ್ನ ತಪ್ಪಲ್ಲ ಅಂತ...